ಕೀಲು ಊದಿದಾಗ ಸುಮ್ಮನಿರುವುದು ಸಬ್ರ್ ಅಲ್ಲ

ಮುಂದಿನ ಶುಕ್ರವಾರ ಜುಮಾ ಮುಗಿದ ಮೇಲೆ ನಿಮ್ಮ ಮಸೀದಿಯಲ್ಲಿ ಒಮ್ಮೆ ಸುತ್ತ ಕಣ್ಣು ಹಾಯಿಸಿ. ಸಫ್‌ಗಳ ಕೊನೆಯಲ್ಲಿ, ಗೋಡೆಯ ಬದಿಗೆ ಇಟ್ಟಿರುವ ಕುರ್ಚಿಗಳನ್ನು ಎಣಿಸಿ. ನಾವು ಚಿಕ್ಕವರಿದ್ದಾಗ ಒಂದೋ ಎರಡೋ ಇರುತ್ತಿದ್ದವು, ಅದೂ ತೀರಾ ವಯಸ್ಸಾದ ಹಿರಿಯರಿಗೆ. ಈಗ ಒಂದು ಸಾಲೇ ಇರುತ್ತದೆ. ಕುಳಿತವರಲ್ಲಿ ಐವತ್ತು ದಾಟದವರೂ ಇದ್ದಾರೆ. ಏನಾಯಿತು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಗಂಟುನೋವು." ಇನ್ನು ಮನೆಯಲ್ಲಿ ನಮಾಝ್ ಮಾಡುವ ತಾಯಂದಿರ, ಅಕ್ಕತಂಗಿಯರ ಕುರ್ಚಿಗಳನ್ನು ಎಣಿಸುವವರೇ ಇಲ್ಲ.

ಗಂಟುನೋವು ಎಂಬುದು ಒಂದು ಕಾಯಿಲೆಯ ಹೆಸರಲ್ಲ. ಜ್ವರ ಎಂದಂತೆಯೇ ಅದು ಒಂದು ಲಕ್ಷಣ. ಜ್ವರ ಬಂದರೆ ಮಲೇರಿಯವೋ, ಡೆಂಗಿಯೋ, ಟೈಫಾಯ್ಡೋ ಎಂದು ರಕ್ತ ಪರೀಕ್ಷೆ ಮಾಡಿಸುವಷ್ಟು ತಿಳಿವಳಿಕೆ ನಮ್ಮ ಮನೆಗಳಿಗೆ ಬಂದಿದೆ. ಆದರೆ ಕೀಲು ಊದಿದರೆ ಮಾತ್ರ ನಾವು ಎರಡೇ ಕೆಲಸ ಮಾಡುತ್ತೇವೆ. ಮೆಡಿಕಲ್ ಶಾಪಿಗೆ ಹೋಗಿ "ನೋವಿಗೆ ಏನಾದರೂ ಕೊಡಿ" ಎಂದು ಕೇಳುತ್ತೇವೆ. ಇಲ್ಲವೇ "ಅಲ್ಲಾಹನ ಪರೀಕ್ಷೆ, ಸಬ್ರ್ ಮಾಡಬೇಕು" ಎಂದು ಹಲ್ಲು ಕಚ್ಚಿ ಸುಮ್ಮನಿರುತ್ತೇವೆ. ಎರಡರಲ್ಲೂ ಒಂದೇ ತಪ್ಪಿದೆ: ಊತ ಯಾಕೆ ಬಂತು ಎಂದು ಯಾರೂ ಕೇಳುವುದಿಲ್ಲ.

ಸಬ್ರ್ ಎಂದರೆ ಚಿಕಿತ್ಸೆ ಬಿಟ್ಟು ಕುಳಿತುಕೊಳ್ಳುವುದಲ್ಲ. ಕಾಯಿಲೆ ಬಂದಾಗ ಔಷಧ ಮಾಡಿಕೊಳ್ಳಬೇಕೆಂದು ಪ್ರವಾದಿ ಮುಹಮ್ಮದ್(ಸ)ರು ತಮ್ಮ ಅನುಚರರಿಗೆ ಸ್ಪಷ್ಟವಾಗಿ ತಿಳಿಸಿದ್ದಾರೆ. ಚಿಕಿತ್ಸೆ ಪಡೆಯುತ್ತಾ, ಅದು ಫಲ ಕೊಡುವವರೆಗೆ ಗೊಣಗದೆ ಕಾಯುವುದು ಸಬ್ರ್. ಈ ಮಾತನ್ನು ಖುತ್ಬಾಗಳಲ್ಲಿ ಕೇಳಿರುತ್ತೇವೆ. ಆದರೆ ಮನೆಯ ಹೆಂಗಸರ ನೋವಿನ ವಿಷಯ ಬಂದಾಗ ಬಹುತೇಕ ಮರೆತುಬಿಡುತ್ತೇವೆ.

ಮೊದಲು ಉರಿಯೂತ ಎಂದರೇನು ಎಂದು ನೋಡೋಣ. ಹೆಸರಲ್ಲೇ ಅದರ ಅರ್ಥವಿದೆ, ಉರಿ ಮತ್ತು ಊತ. ಪೆಟ್ಟು ಬಿದ್ದಲ್ಲಿ, ಸೋಂಕು ತಗಲಿದಲ್ಲಿ ನಮ್ಮ ದೇಹ ಹೆಚ್ಚು ರಕ್ತವನ್ನೂ ರಕ್ಷಣಾ ಕೋಶಗಳನ್ನೂ ಕಳುಹಿಸುತ್ತದೆ. ಅದರಿಂದ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ನೋಯುತ್ತದೆ. ಇದು ಶತ್ರುವಲ್ಲ, ಅಲ್ಲಾಹನು ದೇಹದಲ್ಲಿ ಇಟ್ಟಿರುವ ರಕ್ಷಣೆಯ ಏರ್ಪಾಡು. ಕೆಲಸ ಮುಗಿದ ಮೇಲೆ ತಾನಾಗಿ ಇಳಿಯಬೇಕು. ಇಳಿಯದೆ ಉಳಿದರೆ, ಅಥವಾ ಕಾರಣವೇ ಇಲ್ಲದೆ ದೇಹ ತನ್ನ ಕೀಲನ್ನೇ ಶತ್ರುವೆಂದು ತಿಳಿದು ದಾಳಿ ಮಾಡಿದರೆ, ಆಗ ಅದು ಕಾಯಿಲೆ. ಈ ಊತ ಕೀಲಿನ ಒಳಪೊರೆಯಲ್ಲಿ ಇರಬಹುದು. ಅಥವಾ ಕೀಲಿನ ಹೊರಗೆ, ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುವಿನಲ್ಲಿ, ಅದು ಜಾರುವ ಕೊಳವೆಯಲ್ಲಿ, ಎಲುಬಿನ ಮೇಲಿರುವ ಸಣ್ಣ ನೀರಿನ ಚೀಲಗಳಲ್ಲಿ ಇರಬಹುದು. ಹೊರಗಿನಿಂದ ನೋಡುವವರಿಗೆ ಎಲ್ಲವೂ ಗಂಟುನೋವೇ. ಚಿಕಿತ್ಸೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮೂವತ್ತಾರು ವರ್ಷ, ಗಂಡ ಗಲ್ಫ್‌ನಲ್ಲಿ. ಬೀಡಿ ಕಟ್ಟಿ ಮನೆಯ ಸಣ್ಣಪುಟ್ಟ ಖರ್ಚು ನೋಡಿಕೊಳ್ಳುತ್ತಿದ್ದವರು. ಸುಬಹ್ ನಮಾಝಿಗೆ ಎದ್ದಾಗ ನಲ್ಲಿ ತಿರುಗಿಸಲು ಕೈ ಬರುತ್ತಿರಲಿಲ್ಲ, ವುಝೂ ಮಾಡಲು ಮಗಳು ನೀರು ಹಾಕಬೇಕಿತ್ತು. ಬೆಳಿಗ್ಗೆ ಒಂಬತ್ತು ಗಂಟೆಯಾದ ಮೇಲೆ ಬೆರಳುಗಳು ಮೆಲ್ಲಗೆ ಸಡಿಲವಾಗುತ್ತಿದ್ದವು. ಎರಡೂ ಕೈಯ ಬೆರಳಿನ ಬುಡ, ಎರಡೂ ಮಣಿಕಟ್ಟು ಊದಿದ್ದವು. ಬೀಡಿ ಕಟ್ಟಿ ಕಟ್ಟಿ ಹೀಗಾಗಿದೆ ಎಂದು ಅವರೂ ನಂಬಿದ್ದರು, ಮನೆಯವರೂ ನಂಬಿದ್ದರು. ಯಾರೋ ಮನೆ ಬಾಗಿಲಿಗೇ ತಂದು ಮಾರಿದ ಪುಡಿ ತಿಂದಾಗ ಎರಡೇ ದಿನದಲ್ಲಿ ನೋವು ಮಾಯವಾಯಿತು. ಮುಖ ದುಂಡಗಾಯಿತು. "ಈಗ ಮೈ ಕೈ ತುಂಬಿಕೊಂಡಿದ್ದೀಯ" ಎಂದು ನೆರೆಯವರು ಸಂತೋಷಪಟ್ಟರು. ಮೂರು ವರ್ಷ ಹೀಗೆ ಹೋಯಿತು. ನನ್ನ ಬಳಿ ಬಂದಾಗ ಸಕ್ಕರೆ ಕಾಯಿಲೆ ಶುರುವಾಗಿತ್ತು, ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು. ವಾಲಿದ ಬೆರಳನ್ನು ಮತ್ತೆ ನೇರ ಮಾಡುವ ಮಾತ್ರೆ ಇಲ್ಲ.

ಆ ಕಾಯಿಲೆಯ ಹೆಸರು ರುಮಟಾಯ್ಡ್ ಆರ್ಥರೈಟಿಸ್. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ವಯಸ್ಸಾದವರಿಗೆ ಮಾತ್ರ ಬರುವುದಲ್ಲ, ಮಕ್ಕಳನ್ನು ಸಾಕುವ ಪ್ರಾಯದಲ್ಲೇ ಶುರುವಾಗಬಹುದು. ದೇಹದ ರಕ್ಷಣಾ ವ್ಯವಸ್ಥೆ ಕೀಲಿನ ಪೊರೆಯ ಮೇಲೆಯೇ ತಿರುಗಿ ಬೀಳುತ್ತದೆ. ಪೊರೆ ದಪ್ಪವಾಗಿ ಮೃದ್ವಸ್ಥಿಯನ್ನೂ ಎಲುಬನ್ನೂ ತಿನ್ನುತ್ತದೆ. ಮಂಡಿ ಸವೆಯುವ ಕಾಯಿಲೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ನೀವೇ ಮನೆಯಲ್ಲಿ ಅಂದಾಜು ಮಾಡಬಹುದು. ಸವಕಳಿಯ ನೋವು ಕೆಲಸ ಮಾಡಿದಂತೆ ಹೆಚ್ಚುತ್ತದೆ, ವಿಶ್ರಾಂತಿಯಲ್ಲಿ ಕಡಿಮೆಯಾಗುತ್ತದೆ. ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಹೋಗುತ್ತದೆ. ಉರಿಯೂತದ ನೋವು ಮಲಗಿದ್ದಾಗಲೇ ಹೆಚ್ಚು. ಬೆಳಗಿನ ಬಿಗಿತ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರುತ್ತದೆ, ಕೆಲಸ ಮಾಡಿದಂತೆ ಸಡಿಲವಾಗುತ್ತದೆ. ಎರಡೂ ಕೈಯ ಸಣ್ಣ ಗಂಟುಗಳು ಆರು ವಾರಕ್ಕಿಂತ ಹೆಚ್ಚು ಕಾಲ ಊದಿದ್ದರೆ, ಹಸ್ತವನ್ನು ಅಡ್ಡಲಾಗಿ ಹಿಂಡಿ ಕೈಕುಲುಕಿದಾಗ ಜೀವ ಹೋಗುವಷ್ಟು ನೋವಾದರೆ, ತಡ ಮಾಡಬೇಡಿ. ಶುರುವಾದ ಮೊದಲ ಕೆಲವು ತಿಂಗಳುಗಳೇ ಮುಖ್ಯ. ಆಗ ಸರಿಯಾದ ಔಷಧ ಸಿಕ್ಕಿದರೆ ಹೆಚ್ಚಿನವರ ಕೈ ಕೆಡುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಆರ್.ಎ. ಫ್ಯಾಕ್ಟರ್ ಪರೀಕ್ಷೆ ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಎಂದು ಅನೇಕರು ಮನೆಗೆ ಹೋಗುತ್ತಾರೆ. ಕಾಯಿಲೆ ಇದ್ದೂ ಆ ಪರೀಕ್ಷೆ ನೆಗೆಟಿವ್ ಬರುವವರು ಸಾಕಷ್ಟು ಮಂದಿ ಇದ್ದಾರೆ. ಹಾಗೆಯೇ ಏನೂ ಇಲ್ಲದವರಿಗೂ ಪಾಸಿಟಿವ್ ಬರುವುದುಂಟು. ಚಿಕುನ್‌ಗುನ್ಯ ಬಂದು ಹೋದವರಿಗೂ ತಿಂಗಳುಗಟ್ಟಲೆ ಹೀಗೆಯೇ ಗಂಟು ಹಿಡಿಯುವುದನ್ನು 2006ರಲ್ಲಿ ನಮ್ಮ ರಾಜ್ಯ ಕಣ್ಣಾರೆ ಕಂಡಿದೆ. ಆದ್ದರಿಂದ ಲ್ಯಾಬಿನ ಚೀಟಿಗಿಂತ ನಿಮ್ಮ ಕೈಯನ್ನು ಮುಟ್ಟಿ ನೋಡುವ ವೈದ್ಯರು ಮುಖ್ಯ. ಕೀಲುವಾತದ ತಜ್ಞರಿಗೆ ರುಮಟಾಲಜಿಸ್ಟ್ ಎನ್ನುತ್ತಾರೆ. ಅವರು ದೊಡ್ಡ ನಗರಗಳಲ್ಲಿ ಮಾತ್ರ ಸಿಗುವುದು ನಿಜವೇ. ಆದರೆ ಜಿಲ್ಲಾ ಆಸ್ಪತ್ರೆಯ ಫಿಸಿಶಿಯನ್ ಕೂಡ ಚಿಕಿತ್ಸೆ ಪ್ರಾರಂಭಿಸಬಲ್ಲರು.

ಚಿಕಿತ್ಸೆಯ ಮುಖ್ಯ ಔಷಧ ಮೆಥೊಟ್ರೆಕ್ಸೇಟ್. ಇದು ದಿನಕ್ಕೊಂದಲ್ಲ, ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ. ದಿನಾ ನುಂಗಿ ಜೀವಕ್ಕೇ ಅಪಾಯ ತಂದುಕೊಂಡವರಿದ್ದಾರೆ, ಆದ್ದರಿಂದ ವಾರದ ಒಂದು ದಿನವನ್ನು ಗೊತ್ತು ಮಾಡಿಕೊಳ್ಳಿ. ಮರೆಯದಂತೆ ಹಲವರು ಶುಕ್ರವಾರವನ್ನು ಆರಿಸಿಕೊಳ್ಳುತ್ತಾರೆ. ಜೊತೆಗೆ ಬೇರೆ ದಿನ ಫೋಲಿಕ್ ಆಸಿಡ್, ಕಾಲಕಾಲಕ್ಕೆ ರಕ್ತ ಮತ್ತು ಲಿವರ್ ಪರೀಕ್ಷೆ. ರಮಝಾನಿನಲ್ಲಿ ಇದನ್ನು ಬಿಡಬೇಕಾಗಿಲ್ಲ, ಇಫ್ತಾರ್ ಆದ ಮೇಲೆ ತೆಗೆದುಕೊಂಡರಾಯಿತು. ಗರ್ಭಿಣಿಯರು ಇದನ್ನು ಸೇವಿಸಲೇಬಾರದು. ಮಗು ಬೇಕೆಂದಿರುವವರು ವೈದ್ಯರಿಗೆ ಮೊದಲೇ ತಿಳಿಸಿದರೆ, ಗರ್ಭಕಾಲದಲ್ಲೂ ಸೇವಿಸಬಹುದಾದ ಬೇರೆ ಔಷಧಕ್ಕೆ ಬದಲಿಸುತ್ತಾರೆ.

ಇಲ್ಲಿಯೇ ನಾನು ಒಂದು ಕಹಿ ಮಾತು ಹೇಳಬೇಕು. ಮದುವೆಯಾಗದ ಹೆಣ್ಣುಮಕ್ಕಳಿಗೆ ಈ ಕಾಯಿಲೆ ಬಂದಾಗ ಮನೆಯವರು ಮುಚ್ಚಿಡುತ್ತಾರೆ. ಊರಿನ ಆಸ್ಪತ್ರೆಗೆ ಹೋದರೆ ಯಾರಾದರೂ ನೋಡುತ್ತಾರೆ, ಸಂಬಂಧ ತಪ್ಪಿ ಹೋಗುತ್ತದೆ, ನಿಖಾಹ್ ಆಗಲಿ ಆಮೇಲೆ ನೋಡೋಣ ಎನ್ನುತ್ತಾರೆ. ಆ ಒಂದೋ ಎರಡೋ ವರ್ಷವೇ ಅವಳ ಕೈ ಉಳಿಸಬಹುದಾಗಿದ್ದ ಕಾಲ. ಮದುವೆಯಾದ ಮೇಲೆ ಅತ್ತೆ ಮನೆಯಲ್ಲಿ ಬೆಳಿಗ್ಗೆ ಹಿಟ್ಟು ನಾದಲು ಆಗದೆ "ಸೋಮಾರಿ" ಎಂಬ ಮಾತು ಕೇಳುವವಳೂ ಅವಳೇ. ಚಿಕಿತ್ಸೆ ಪಡೆದ ರುಮಟಾಯ್ಡ್ ರೋಗಿ ಮದುವೆಯಾಗಬಹುದು, ಮಕ್ಕಳನ್ನು ಹೆರಬಹುದು, ಸಂಸಾರ ನಡೆಸಬಹುದು. ಮುಚ್ಚಿಟ್ಟ ಕಾಯಿಲೆ ಬೆರಳುಗಳಲ್ಲಿ ತಾನಾಗಿಯೇ ಎದ್ದು ಕಾಣುತ್ತದೆ.

ಆ ಪುಡಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಎರಡು ದಿನದಲ್ಲಿ ಎಂಥ ಗಂಟುನೋವನ್ನೂ ಮಾಯ ಮಾಡುವ, ಹೆಸರು ವಿಳಾಸವಿಲ್ಲದ "ಗಿಡಮೂಲಿಕೆ" ಪುಡಿಯಲ್ಲಿ ಗಿಡಮೂಲಿಕೆಗಿಂತ ಹೆಚ್ಚಾಗಿ ಸ್ಟಿರಾಯ್ಡ್ ಇರುವ ಸಂಭವವೇ ಹೆಚ್ಚು. ಸ್ಟಿರಾಯ್ಡ್ ಕೆಟ್ಟ ಔಷಧವಲ್ಲ. ವೈದ್ಯರು ಅಳತೆ ಮಾಡಿ, ಕೆಲವು ವಾರಗಳಿಗೆ ಕೊಟ್ಟರೆ ಅದು ವರದಾನ. ಅಳತೆಯಿಲ್ಲದೆ ವರ್ಷಗಟ್ಟಲೆ ತಿಂದರೆ ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ, ಸೊಂಟದ ಕೀಲಿಗೆ ರಕ್ತ ಹೋಗದೆ ಎಲುಬು ಸಾಯಬಹುದು, ಚರ್ಮ ತೆಳುವಾಗುತ್ತದೆ, ಸೋಂಕು ಬೇಗ ತಗಲುತ್ತದೆ. ಒಮ್ಮೆಲೇ ನಿಲ್ಲಿಸಿದರೆ ರಕ್ತದ ಒತ್ತಡ ಕುಸಿದು ಪ್ರಾಣಾಪಾಯವೂ ಆಗಬಹುದು. ನೀವು ಈಗಾಗಲೇ ಇಂಥ ಪುಡಿ ತಿನ್ನುತ್ತಿದ್ದರೆ, ಈ ಲೇಖನ ಓದಿ ನಾಳೆಯೇ ಎಸೆದುಬಿಡಬೇಡಿ. ವೈದ್ಯರ ಬಳಿ ತೆಗೆದುಕೊಂಡು ಹೋಗಿ, ಅವರು ಹಂತ ಹಂತವಾಗಿ ಬಿಡಿಸುತ್ತಾರೆ.

ಇದನ್ನು ಬರೆದಾಗ ಯುನಾನಿ ವೈದ್ಯದ ಮೇಲೆ ನನಗೇನೋ ಸಿಟ್ಟಿದೆ ಎಂದು ತಿಳಿಯಬೇಡಿ. ಕಾಯಿಲೆಗಳನ್ನು ವಿಂಗಡಿಸಿ ನೋಡುವುದನ್ನು ಹಳೆಯ ಹಕೀಮರೇ ಹೇಳಿಕೊಟ್ಟಿದ್ದಾರೆ. ಕೀಲುನೋವಿಗೆ ವಜಉಲ್ ಮಫಾಸಿಲ್, ಕಾಲ ಹೆಬ್ಬೆರಳಿನ ವಾತಕ್ಕೆ ನಿಕ್ರಿಸ್, ಸೊಂಟದಿಂದ ಕಾಲಿಗಿಳಿಯುವ ನರದ ನೋವಿಗೆ ಇರ್ಕುನ್ನಸಾ ಎಂದು ಬೇರೆ ಬೇರೆ ಹೆಸರಿಟ್ಟಿದ್ದರು. ಇಬ್ನ್ ಸೀನಾರ 'ಅಲ್ ಕಾನೂನ್' ಗ್ರಂಥದಲ್ಲಿ ಇವುಗಳ ಚರ್ಚೆ ಇದೆ. ನಿಕ್ರಿಸ್‌ಗೆ ಅವರು ಬಳಸುತ್ತಿದ್ದ ಸುರಂಜಾನ್ ಗೆಡ್ಡೆಯ ಜಾತಿಯ ಗಿಡದಿಂದಲೇ 1820ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞರು ಕಾಲ್ಚಿಸಿನ್ ಅನ್ನು ಬೇರ್ಪಡಿಸಿದರು. ಇಂದಿಗೂ ಗೌಟ್‌ಗೆ ಆಸ್ಪತ್ರೆಗಳಲ್ಲಿ ಕೊಡುವ ಮಾತ್ರೆ ಅದೇ. ಸ್ವಲ್ಪ ಹೆಚ್ಚಾದರೂ ವಿಷವಾಗುವ ಔಷಧ ಅದು, ಹಾಗಾಗಿ ಕಲಿತವರ ಕೈಯಿಂದಲೇ ಬರಬೇಕು. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯೇ ಇದೆ, ಪದವಿ ಪಡೆದ ಹಕೀಮರಿದ್ದಾರೆ. ನನ್ನ ತಕರಾರು ಇರುವುದು ಹಕೀಮರ ಹೆಸರಿನಲ್ಲಿ ಪೊಟ್ಟಣ ಮಾರುವವರ ಮೇಲೆ.

ಗೌಟ್ ಎಂದಾಗ ಬಕ್ರೀದ್ ನೆನಪಾಗುತ್ತದೆ. ಹಬ್ಬ ಕಳೆದ ನಾಲ್ಕೈದು ದಿನಗಳಲ್ಲಿ, ನಡುರಾತ್ರಿ ಹೆಬ್ಬೆರಳಿನ ಬುಡ ಕೆಂಡದಂತೆ ಊದಿ, ಮೇಲೆ ಹೊದಿಕೆ ತಾಗಿದರೂ ತಡೆಯಲಾಗದೆ ಎದ್ದು ಕುಳಿತ ಗಂಡಸರು ಕುಂಟುತ್ತಾ ಬರುತ್ತಾರೆ. ರಕ್ತದಲ್ಲಿ ಹೆಚ್ಚಾದ ಯೂರಿಕ್ ಆಮ್ಲ ಸೂಜಿಯಂಥ ಹರಳುಗಳಾಗಿ ಕೀಲಿನೊಳಗೆ ಕೂರುವುದೇ ಇದಕ್ಕೆ ಕಾರಣ. ಲಿವರ್, ಕಿಡ್ನಿ, ಮೆದುಳು, ಕೆಂಪು ಮಾಂಸ, ನಮ್ಮ ಕರಾವಳಿಯ ಬೂತಾಯಿ ಮೀನು, ಇವೆಲ್ಲ ಯೂರಿಕ್ ಆಮ್ಲ ಹೆಚ್ಚಿಸುತ್ತವೆ. ಬಿರಿಯಾನಿಯ ಜೊತೆ ಕುಡಿಯುವ ಸಿಹಿ ತಂಪು ಪಾನೀಯವೂ ಹೆಚ್ಚಿಸುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ನೋವು ಇರುವ ದಿನ ಪರೀಕ್ಷೆ ಮಾಡಿಸಿದರೆ ಯೂರಿಕ್ ಆಮ್ಲ ಸರಿಯಾಗಿಯೇ ಕಾಣಬಹುದು, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ಪದೇ ಪದೇ ಬರುತ್ತಿದ್ದರೆ ಅಲೊಪ್ಯುರಿನಾಲ್‌ನಂಥ ಮಾತ್ರೆ ವರ್ಷಗಳ ಕಾಲ ಬೇಕು. ನೋವು ಹೋಯಿತೆಂದು ನಿಲ್ಲಿಸಿದರೆ ಮುಂದಿನ ಹಬ್ಬಕ್ಕೆ ಮತ್ತೆ ಬರುತ್ತದೆ. ಇನ್ನೊಂದೆಡೆ, ಯಾವ ನೋವೂ ಇಲ್ಲದೆ ಬರೀ ಚೀಟಿಯಲ್ಲಿ ಯೂರಿಕ್ ಆಮ್ಲ ಸ್ವಲ್ಪ ಹೆಚ್ಚು ಕಂಡ ಮಾತ್ರಕ್ಕೆ ಹೆದರಿ ಬೇಳೆ, ಟೊಮೆಟೊ ಎಲ್ಲವನ್ನೂ ಬಿಡುವವರೂ ಇದ್ದಾರೆ. ಅದರ ಅಗತ್ಯವಿಲ್ಲ.

ಈಗ ಬೀಡಿಗೆ ಬರೋಣ. ಮೇಲೆ ಹೇಳಿದ ತಾಯಿಗೆ ಬೀಡಿಯಿಂದ ಕಾಯಿಲೆ ಬಂದಿರಲಿಲ್ಲ. ಆದರೆ ಬೀಡಿಯಿಂದಲೇ ನೋವು ಬರುವವರು ನಮ್ಮಲ್ಲಿ ಬಹಳ ಮಂದಿ. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಮಡಿಲಲ್ಲಿ ಮೊರವಿಟ್ಟು, ಕತ್ತು ಬಗ್ಗಿಸಿ, ಎಲೆ ಕತ್ತರಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಸುರುಟಿ, ನೂಲು ಸುತ್ತುವ ಕೆಲಸ ಬೆಳಗಿನಿಂದ ಸಂಜೆವರೆಗೆ ನಡೆಯುತ್ತದೆ. ದಿನಕ್ಕೆ ನೂರಾರು ಸಲ ಅದೇ ಬೆರಳಿನ ಅದೇ ಚಲನೆ. ಹೆಬ್ಬೆರಳಿನ ಸ್ನಾಯುರಜ್ಜು ಮಣಿಕಟ್ಟಿನ ಬಳಿ ಒಂದು ಕಿರಿದಾದ ಕೊಳವೆಯ ಮೂಲಕ ಹಾದುಹೋಗುತ್ತದೆ. ಉಜ್ಜಿ ಉಜ್ಜಿ ಆ ಕೊಳವೆ ದಪ್ಪವಾಗುತ್ತದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಬಾಗಿಸಿದಾಗ ಮಣಿಕಟ್ಟಿನ ಹೆಬ್ಬೆರಳಿನ ಬದಿಯಲ್ಲಿ ಚಳಕು ಹೊಡೆದರೆ ಬಹುಶಃ ಇದೇ. ಹಸುಗೂಸನ್ನು ಕಂಕುಳಲ್ಲಿ ಹಿಡಿದು ಎತ್ತುವ ಬಾಣಂತಿಯರಿಗೂ ಇದು ಬರುತ್ತದೆ. ಬಾಣಂತಿ ವಾಯು ಎಂದು ಬಿಸಿನೀರು ಹೊಯ್ದು ಕಾಯುವ ಬದಲು, ಹೆಬ್ಬೆರಳು ಅಲ್ಲಾಡದಂತೆ ಹಿಡಿಯುವ ಪಟ್ಟಿಯನ್ನು ಮೂರು ನಾಲ್ಕು ವಾರ ಹಾಕಿದರೆ ಅನೇಕರಿಗೆ ಗುಣವಾಗುತ್ತದೆ. ಆಗದಿದ್ದರೆ ಆ ಕೊಳವೆಯೊಳಗೆ ಒಂದು ಸ್ಟಿರಾಯ್ಡ್ ಇಂಜೆಕ್ಷನ್. ಬೆರಳು ಮಡಚಿದಲ್ಲೇ ಸಿಕ್ಕಿಹಾಕಿಕೊಂಡು "ಟಕ್" ಎಂದು ಬಿಚ್ಚಿಕೊಳ್ಳುವುದೂ ಇದೇ ಬಗೆಯ ತೊಂದರೆ.

ಬೀಡಿ ಬಿಟ್ಟುಬಿಡಿ ಎಂದು ಹೇಳುವುದು ನನಗೆ ಸುಲಭ, ಆ ಹಣದಲ್ಲೇ ಮಗಳ ಫೀಸು ಕಟ್ಟುವವರಿಗೆ ಸುಲಭವಲ್ಲ. ಅಷ್ಟಾದರೂ ಮಾಡಿ: ಗೋಡೆಗೆ ಒರಗಿ ಕುಳಿತುಕೊಳ್ಳಿ. ಮೊರದ ಕೆಳಗೆ ದಿಂಬು ಇಟ್ಟು ಎತ್ತರಿಸಿ, ಕತ್ತು ಅಷ್ಟು ಬಗ್ಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಬೆರಳುಗಳನ್ನು ಪೂರ್ತಿ ಬಿಡಿಸಿ, ಭುಜ ಹಿಂದಕ್ಕೆ ತಿರುಗಿಸಿ. ಕತ್ತರಿ ಮೊಂಡಾಗಿದ್ದರೆ ಸಾಣೆ ಹಿಡಿಸಿ. ಮೊಂಡು ಕತ್ತರಿ ಹೆಬ್ಬೆರಳಿನ ಬುಡಕ್ಕೆ ಕೊಡುವ ಪೆಟ್ಟು ಸಣ್ಣದಲ್ಲ.

ಸಕ್ಕರೆ ಕಾಯಿಲೆ ಇರುವವರ ಭುಜ ಹಿಡಿದುಕೊಳ್ಳುವುದು ಮತ್ತೊಂದು. ಕೈ ಮೇಲೆತ್ತಲು ಆಗುವುದಿಲ್ಲ, ತಕ್ಬೀರ್ ಹೇಳುವಾಗ ಒಂದು ಕೈ ಕಿವಿಯ ತನಕ ಹೋಗುವುದಿಲ್ಲ, ಹೆಂಗಸರಿಗೆ ತಲೆ ಬಾಚಲು ಆಗುವುದಿಲ್ಲ. ನೋವೆಂದು ಕೈ ಅಲ್ಲಾಡಿಸದೆ ಇಟ್ಟರೆ ಇನ್ನಷ್ಟು ಬಿಗಿಯುತ್ತದೆ. ಸಕ್ಕರೆ ಹತೋಟಿ, ದಿನವೂ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ, ತಾಳ್ಮೆ, ಇವು ಮೂರೂ ಬೇಕು. ಒಂದು ವರ್ಷ, ಎರಡು ವರ್ಷವೂ ಹಿಡಿಯಬಹುದು. ಬೆಳಿಗ್ಗೆ ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾಗುವುದು ಪಾದದಡಿಯ ಪಟ್ಟಿಯ ತೊಂದರೆ. ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ದಿನವಿಡೀ ಓಡಾಡುವ ಗೃಹಿಣಿಯರಿಗೆ ಸಾಮಾನ್ಯ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿ, ಮೀನಖಂಡವನ್ನು ಎಳೆಯುವ ವ್ಯಾಯಾಮ ಮಾಡಿ. ಎಕ್ಸ್‌ರೇಯಲ್ಲಿ ಕಾಣುವ "ಎಲುಬು ಬೆಳೆದಿದೆ" ಎಂಬ ಮಾತಿಗೆ ಹೆದರಬೇಡಿ, ನೋವಿಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಅದು ಇರುತ್ತದೆ.

ಎರಡು ಸಂದರ್ಭಗಳಲ್ಲಿ ಮಾತ್ರ ಒಂದು ದಿನವೂ ಕಾಯಬಾರದು. ಒಂದೇ ಕೀಲು ದಿಢೀರನೆ ಊದಿ, ಬಿಸಿಯಾಗಿ, ಕಾಲೂರಲು ಆಗದೆ, ಜೊತೆಗೆ ಜ್ವರವೂ ಇದ್ದರೆ ಒಳಗೆ ಕೀವು ಆಗಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ, ವೃದ್ಧರಲ್ಲಿ ಜ್ವರ ಕಾಣದೆಯೂ ಇರಬಹುದು. ಕೀವು ಕೆಲವೇ ದಿನಗಳಲ್ಲಿ ಮೃದ್ವಸ್ಥಿಯನ್ನು ಕರಗಿಸುತ್ತದೆ. ಅದಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು, ಹಿಜಾಮಾ ಮಾಡಿಸುವುದು ದೊಡ್ಡ ಅಪಾಯ. ಕೀಲಿನ ನೀರು ತೆಗೆದು ಪರೀಕ್ಷೆ ಮಾಡಬೇಕು, ಅದೂ ಅದೇ ದಿನ.

ಎರಡನೆಯದು ಮಕ್ಕಳದ್ದು. ಗಂಟಲುನೋವು ಬಂದು ಹೋದ ಎರಡು ಮೂರು ವಾರಗಳ ಮೇಲೆ ಮಗುವಿಗೆ ಮಂಡಿ ಊದಿ, ಅದು ಇಳಿದು ಪಾದದ ಗಂಟು ಊದಿ, ಆಮೇಲೆ ಮೊಣಕೈಗೆ ಹೋದರೆ ಅದು ರುಮ್ಯಾಟಿಕ್ ಜ್ವರ ಇರಬಹುದು. ಐದರಿಂದ ಹದಿನೈದು ವರ್ಷದವರಲ್ಲಿ ಹೆಚ್ಚು. ಕೀಲುಗಳು ಪೂರ್ತಿ ಗುಣವಾಗುತ್ತವೆ, ತಾಯಿ ನಿಟ್ಟುಸಿರು ಬಿಡುತ್ತಾಳೆ. ಕಾಯಿಲೆ ಕಚ್ಚಿರುವುದು ಹೃದಯದ ಕವಾಟವನ್ನು. ಆಗ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ಕೊಡಿಸಬೇಕಾಗುತ್ತದೆ. ಹಾಸ್ಟೆಲ್, ವಸತಿ ಮದ್ರಸಗಳಲ್ಲಿ ಮಕ್ಕಳು ಒತ್ತೊತ್ತಾಗಿ ಮಲಗುವಲ್ಲಿ ಗಂಟಲು ಸೋಂಕು ಬೇಗ ಹರಡುತ್ತದೆ. ಅಲ್ಲಿನ ಉಸ್ತಾದರು ಇದನ್ನು ತಿಳಿದಿರಬೇಕು. "ಓದಲು ಮನಸ್ಸಿಲ್ಲದೆ ಕಾಲುನೋವು ಎನ್ನುತ್ತಾನೆ" ಎಂದು ಬೈಯುವ ಮೊದಲು ಮಗುವಿನ ಮಂಡಿ ಮುಟ್ಟಿ ನೋಡಲಿ.

ನೋವಿನ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಎಸಿಕ್ಲೋಫೆನಾಕ್ ಮುಂತಾದವು ಊತವನ್ನೂ ನೋವನ್ನೂ ಇಳಿಸುತ್ತವೆ, ಕೆಲವು ದಿನಗಳ ಮಟ್ಟಿಗೆ ಒಳ್ಳೆಯವೇ. ಆದರೆ ಅವು ಹೊಟ್ಟೆಯ ಪೊರೆಯನ್ನೂ ಮೂತ್ರಪಿಂಡದ ರಕ್ತ ಸಂಚಾರವನ್ನೂ ಕಾಯುವ ಅಂಶಗಳನ್ನೂ ತಡೆಯುತ್ತವೆ. ಬಿ.ಪಿ. ಏರಿಸುತ್ತವೆ. ಡೈಕ್ಲೋಫೆನಾಕ್ ಕೊಟ್ಟಿದ್ದ ಜಾನುವಾರುಗಳ ಹೆಣ ತಿಂದು ನಮ್ಮ ದೇಶದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ಸರಕಾರ ಆ ಔಷಧವನ್ನು ಪಶುಗಳಿಗೆ ಕೊಡುವುದನ್ನು ನಿಷೇಧಿಸಿತು. ಮನುಷ್ಯ ರಣಹದ್ದಿನಷ್ಟು ಸೂಕ್ಷ್ಮವಲ್ಲ. ಆದರೂ ಬಿ.ಪಿ., ಸಕ್ಕರೆ ಇರುವ ಅಜ್ಜಿಗೆ ದಿನಕ್ಕೆರಡರಂತೆ ವರ್ಷವಿಡೀ ಕೊಡುವವರು ಈ ಹಕ್ಕಿಯನ್ನು ಒಮ್ಮೆ ನೆನೆಯಲಿ. ಮಲ ಡಾಂಬರಿನಂತೆ ಕಪ್ಪಾದರೆ ಹೊಟ್ಟೆಯಲ್ಲಿ ರಕ್ತ ಸೋರುತ್ತಿದೆ ಎಂದರ್ಥ.

ರಮಝಾನಿನಲ್ಲಿ ಇದರ ಅಪಾಯ ಹೆಚ್ಚು. ತರಾವೀಹ್‌ನಲ್ಲಿ ನಿಲ್ಲಲು ಆಗಬೇಕೆಂದು, ಹಗಲಿಡೀ ನೀರು ಕುಡಿಯದ ದೇಹಕ್ಕೆ ಎರಡು ಖರ್ಜೂರದ ಮೇಲೆ ನೋವಿನ ಮಾತ್ರೆ ನುಂಗುತ್ತಾರೆ. ನೀರು ಕಡಿಮೆಯಾದ ಮೂತ್ರಪಿಂಡಕ್ಕೆ ಅದು ದೊಡ್ಡ ಹೊಡೆತ. ತೆಗೆದುಕೊಳ್ಳಲೇಬೇಕಾದರೆ ಹೊಟ್ಟೆ ತುಂಬ ಊಟ ಮಾಡಿ, ಎರಡು ಮೂರು ಲೋಟ ನೀರು ಕುಡಿದ ಮೇಲೆ ತೆಗೆದುಕೊಳ್ಳಿ. ಕಾಯಿಲೆಯವರಿಗೆ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡುವ ರಿಯಾಯಿತಿಯನ್ನು ಕುರ್‌ಆನ್ ಕೊಟ್ಟಿದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ನಾವು ಮಾತ್ರೆ ನುಂಗಿ ನಿರಾಕರಿಸುವುದು ಯಾವ ಭಕ್ತಿಯೋ ನನಗೆ ತಿಳಿಯದು.

ಹಿಜಾಮಾ ಬಗ್ಗೆ ಓದುಗರು ಕೇಳುತ್ತಲೇ ಇರುತ್ತಾರೆ. ಅದು ಸುನ್ನತ್ ಎಂಬ ಗೌರವ ನನಗೂ ಇದೆ. ಬಿಗಿದ ಬೆನ್ನು, ಕತ್ತಿನ ಸ್ನಾಯುನೋವಿಗೆ ಕೆಲವರಿಗೆ ಹಿತವಾಗುತ್ತದೆ. ಆದರೆ ರುಮಟಾಯ್ಡ್ ಕಾಯಿಲೆಯನ್ನು ಅದು ತಡೆಯುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, ಹತೋಟಿಯಿಲ್ಲದ ಸಕ್ಕರೆ ಇರುವವರು ಮಾಡಿಸಬಾರದು. ಪ್ರತಿಯೊಬ್ಬರಿಗೂ ಹೊಸ ಬ್ಲೇಡು, ಹೊಸ ಕಪ್ಪು ಬಳಸುತ್ತಾರೆಯೇ ಎಂದು ಕೇಳಿ ನೋಡಿ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ರಕ್ತದ ಮೂಲಕವೇ ಹರಡುವುದು. ಕೇಳಿದ್ದಕ್ಕೆ ಸಿಟ್ಟಾಗುವವರಲ್ಲಿ ಮಾಡಿಸಬೇಡಿ.

ಮತ್ತೆ ಆ ಕುರ್ಚಿಗಳಿಗೆ ಬರುತ್ತೇನೆ. ಕುರ್ಚಿಯಲ್ಲಿ ಕುಳಿತವರನ್ನು ಓರೆಗಣ್ಣಿಂದ ನೋಡಬೇಡಿ. ಇಮ್ರಾನ್ ಬಿನ್ ಹುಸೈನ್(ರ)ರಿಗೆ ಕಾಯಿಲೆಯಿದ್ದಾಗ ನಿಂತು ನಮಾಝ್ ಮಾಡಲು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ಮಾಡಲು ಪ್ರವಾದಿ(ಸ)ರು ತಿಳಿಸಿದ್ದರು. ಕುರ್ಚಿ ಯಾರಿಗೆ, ಹೇಗೆ ಎಂಬುದನ್ನು ನಿಮ್ಮ ಉಲಮಾರಲ್ಲಿ ಕೇಳಿ. ವೈದ್ಯಕೀಯವಾಗಿ ನಾನು ಹೇಳುವುದಿಷ್ಟೇ: ಊದಿ ಬಿಸಿಯಾಗಿರುವ ಮಂಡಿಯನ್ನು ಪೂರ್ತಿ ಮಡಚಬೇಡಿ, ಊತ ಇಳಿಯುವವರೆಗೆ ಕುರ್ಚಿ ಸರಿ. ಆದರೆ ಬರೀ ಸವಕಳಿಯ ಮಂಡಿಯವರು ಒಮ್ಮೆ ಕುರ್ಚಿಗೆ ಹೋದವರು ಹಿಂದೆ ಬರುವುದೇ ಇಲ್ಲ, ತೊಡೆಯ ಸ್ನಾಯು ಸೊರಗಿ ಮಂಡಿ ಇನ್ನಷ್ಟು ಕೆಡುತ್ತದೆ. ಆ ಕುರ್ಚಿಯಲ್ಲೇ ಕುಳಿತು ಒಂದು ಕೆಲಸ ಮಾಡಿ. ನಮಾಝ್ ಮುಗಿದ ಮೇಲೆ ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿಹಿಡಿದು ಹತ್ತು ಎಣಿಸಿ ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲ. ಐದು ಹೊತ್ತಿನಲ್ಲಿ ಮೂರು ಹೊತ್ತು ಮಾಡಿದರೂ ಎರಡು ಮೂರು ತಿಂಗಳಲ್ಲಿ ಮೆಟ್ಟಿಲು ಹತ್ತುವಾಗ ವ್ಯತ್ಯಾಸ ತಿಳಿಯುತ್ತದೆ. ದೇಹದ ತೂಕ 1 ಕೆ.ಜಿ. ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಬೀಳುವ ಭಾರ ಸುಮಾರು 4 ಕೆ.ಜಿ. ಕಡಿಮೆಯಾಗುತ್ತದೆ. ಇದು ಯಾವ ಎಣ್ಣೆಯಿಂದಲೂ ಆಗುವ ಕೆಲಸವಲ್ಲ.

ಮೈಯೆಲ್ಲ ನೋವು, ಎಲುಬೆಲ್ಲ ನೋವು, ಆದರೆ ಎಲ್ಲಿಯೂ ಊತವಿಲ್ಲ ಎನ್ನುವ ಅಕ್ಕತಂಗಿಯರು ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಳ್ಳಿ. ಇದಕ್ಕೆ ಉಡುಪನ್ನು ದೂರಬೇಕಾಗಿಲ್ಲ. ಮನೆಯ ತಾರಸಿಯಲ್ಲಿ, ಹಿತ್ತಲಿನಲ್ಲಿ ಕೈಕಾಲಿಗೆ ಸ್ವಲ್ಪ ಬಿಸಿಲು ತಾಗಿದರೆ ಒಳ್ಳೆಯದು. ತೀರಾ ಕಡಿಮೆ ಇದ್ದರೆ ವೈದ್ಯರು ಹೇಳಿದ ಪ್ರಮಾಣದ ಔಷಧ.

ಕೊನೆಗೆ, ಆಸ್ಪತ್ರೆಗೆ ಹೋಗುವಾಗ ಏನು ಮಾಡಬೇಕು ಎಂಬುದು. ಊತ ಬೆಳಿಗ್ಗೆ ಇದ್ದು ವೈದ್ಯರನ್ನು ಕಾಣುವಷ್ಟರಲ್ಲಿ ಇಳಿದಿರುತ್ತದೆ. ಹಾಗಾಗಿ ಊದಿದಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಎಷ್ಟು ಗಂಟೆಗೆ ಎದ್ದಿರಿ, ಎಷ್ಟು ಗಂಟೆಗೆ ಕೈ ಸಡಿಲವಾಯಿತು ಎಂದು ಒಂದು ವಾರ ಬರೆದಿಡಿ. ಹೆಂಗಸರ ಜೊತೆ ಹೋಗುವ ಗಂಡಸರು ಅವರ ಪರವಾಗಿ ತಾವೇ ಉತ್ತರಿಸುವುದು ಬೇಡ. ಬೆಳಿಗ್ಗೆ ನಲ್ಲಿ ತಿರುಗಿಸಲು ಆಗುವುದಿಲ್ಲ ಎಂಬ ಮಾತು ಅವರ ಬಾಯಿಂದಲೇ ಬರಬೇಕು, ಬಹಳ ಸಲ ಆ ಒಂದು ಮಾತಿನಲ್ಲೇ ಕಾಯಿಲೆ ತಿಳಿಯುತ್ತದೆ. ತಿನ್ನುತ್ತಿರುವ ಎಲ್ಲ ಮಾತ್ರೆಗಳನ್ನೂ ತನ್ನಿ. ನಾಚಿಕೊಳ್ಳದೆ ಆ ಪುಡಿಯ ಪೊಟ್ಟಣವನ್ನೂ ತನ್ನಿ, ನಾವು ಬೈಯುವುದಿಲ್ಲ.